ನಲವತ್ತೊಂಬತ್ತಕ್ಕೆ ಕರಿ ಕೋಟು

ಜೂನ್ ೯, ಸೋಮವಾರ

ಬರೆಯದಿದ್ರೆ ಹೊಟ್ಟೆ ಉಬ್ಬರಿಸ್ತದೆ, ಬರೆದ್ರೆ ಮರ್ಯಾದೆ ಹೋಗ್ತದೆ. ಓದುವವಳು ನಾನೊಬ್ಬಳೇ ಅಲ್ದಾ, ಹೋಗ್ಲಿ.

ಇವತ್ತು ಕುಮಟಾ ಕೋರ್ಟಿನಲ್ಲಿ ವಕೀಲಳಾಗಿ ನನ್ನ ಮೊದಲ ದಿನ. ಇಪ್ಪತ್ತೆರಡು ವರ್ಷ ಇದೇ ಕೋರ್ಟಿಗೆ ರಮಾನಂದ ಸಾಹೇಬ್ರ ಗುಮಾಸ್ತೆಯಾಗಿ ಫೈಲು ಹೊತ್ತವಳು ನಾನು. ಅಲ್ಲಿಯ ಕಿಟಕಿ, ಬೆಂಚು, ತೂಕಡಿಸುವ ಜವಾನ, ಎಲ್ಲ ಗುರ್ತು. ಹೆದರುಕೆ ಎಂತ ಅದೆ ಹೇಳಿ ಧೈರ್ಯದಲ್ಲೇ ಹೋದೆ. ಕೋಟು ಮಗಳು ಧನ್ಯಶ್ರೀ ಹೊಲಿಸಿ ಕೊಟ್ಟದ್ದು. ಅವಳು ಭಟ್ಕಳದ ಆಸ್ಪತ್ರೆಯಲ್ಲಿ ನರ್ಸು. ಅಳತೆಗೆ ನನ್ನ ಹಳೇ ರವಿಕೆ ತೆಗೆದುಕೊಂಡು ಹೋಗಿದ್ಲು. “ವಕೀಲರ ಕೋಟಿಗೆ ರವಿಕೆ ಅಳತೆಯಾ?” ಹೇಳಿ ಅಲ್ಲಿಯ ದರ್ಜಿ ನಕ್ಕನಂತೆ. ಆದ್ರೂ ಚೆಂದ ಹೊಲಿದಿದ್ದಾನೆ.

ಕೆಲಸ ದೊಡ್ಡದೆಂತ ಅಲ್ಲ. ಒಂದು ಪಾಲಿನ ದಾವೆಯಲ್ಲಿ ಮುದ್ದತು ಕೇಳುವುದು, ಮುಂದಿನ ತಾರೀಕು ಬರೆದುಕೊಳ್ಳುವುದು. ವಕಾಲತ್ತಿನಲ್ಲಿ ನನ್ನದೇ ಸಹಿ. ಕೇಸು ಕೂಗಿದ್ರು. ನಾನು ಎದ್ದು ಕೈಮುಗಿದು, “ಸ್ವಾಮಿ, ನಮ್ಮ ಸಾಹೇಬ್ರು ಈಗ ಬತ್ತಾರೆ, ಐದೇ ಐದು ನಿಮಿಷ ಕೊಡಬೇಕು” ಅಂದೆ. ಅಂದದ್ದಷ್ಟೇ ಅಲ್ಲ, ಅವರನ್ನು ಕರೆದುಕೊಂಡು ಬರುಕೆ ಬಾಗಿಲ ಕಡೆ ಓಡಿಯೂ ಓಡಿದೆ.

ಇಪ್ಪತ್ತೆರಡು ವರ್ಷ ದಿನಾ ಹೇಳಿದ ಮಾತು. ಮೈಮೇಲೆ ಕೋಟು ಬಂದದ್ದು ನಾಲಿಗೆಗೆ ಗೊತ್ತಾಗಲಿಲ್ಲ.

ನ್ಯಾಯಾಧೀಶರು ಕಾಗದ ನೋಡಿ, “ನಿಲ್ಲಿ ನಿಲ್ಲಿ. ಈ ಮಾಲತಿ ನಿತ್ಯಾನಂದ ನಾಯಕ ಅಂದರೆ ಯಾರು?” ಕೇಳಿದ್ರು.

“ನಾನೇ ಸ್ವಾಮಿ.”

“ವಕೀಲರು ಬಂದಾಯ್ತಲ್ಲ ಹಾಗಾದರೆ. ಇನ್ನು ಯಾರನ್ನು ಕರೆಯಲಿಕ್ಕೆ ಹೊರಟಿರಿ?”

ಇಡೀ ಕೋರ್ಟು ನಕ್ಕಿತು. ಜವಾನನಿಗೂ ಎಚ್ಚರಾಗಿ, ಯಾಕೆ ನಗುವುದು ಅಂತ ಗೊತ್ತಿಲ್ಲದೆ ನಕ್ಕ. ವಕೀಲರ ಮೇಜಿನ ಸುತ್ತ ಮೂರು ಕುರ್ಚಿ ಖಾಲಿ ಇತ್ತು. ನಾನು ಮಧ್ಯಾಹ್ನದವರೆಗೂ ಗೋಡೆ ಬದಿಗೆ ನಿಂತೇ ಇದ್ದೆ.

ಜೂನ್ ೧೦, ಮಂಗಳವಾರ

ಸುದ್ದಿ ನನ್ನ ಬಸ್ಸಿಗಿಂತ ಮೊದಲೇ ನಮ್ಮೂರು ಹಿರೇಗುತ್ತಿ ಮುಟ್ಟಿದೆ. ಹಾಲಿನ ಡೇರಿಯಲ್ಲಿ ಒಬ್ಬಳು, “ಸಾಹೇಬ್ರು ಬಂದ್ರಾ ಮಾಲ್ತಕ್ಕ?” ಕೇಳಿದ್ಲು. ಸತ್ತೇ ಹೋಗ್ಲಾ ಅನ್ನಿಸಿತು.

ಇಪ್ಪತ್ತೆರಡು ವರ್ಷಕ್ಕೆ ಲಾ ಕಾಲೇಜಿಗೆ ಸೇರಿದವಳು ಒಂದೇ ವರ್ಷಕ್ಕೆ ಬಿಟ್ಟೆ. ಮದುವೆ ಆತು, ಧನ್ಯ ಹುಟ್ಟಿದ್ಲು, ಅತ್ತೆ ಜಾರಿ ಬಿದ್ದು ಸೊಂಟ ಮುರಕೊಂಡು ಹನ್ನೆರಡು ವರ್ಷ ಮಲಗಿದ್ರು. ಬೆಳಿಗ್ಗೆ ಅವರನ್ನು ಮೀಯಿಸಿ ಕೋರ್ಟಿಗೆ ಓಡುವುದು, ಸಂಜೆ ಬಂದು ಮಗ್ಗಲು ಬದಲಿಸುವುದು. ಬೇಜಾರಲ್ಲಿ ಮಾಡಲಿಲ್ಲ, ಒಳ್ಳೆ ಮುದುಕಿ. ಅವರು ಹೋದ ಮೇಲೆ ಮತ್ತೆ ಕಾಲೇಜಿಗೆ ಹೆಸರು ಹಚ್ಚಿದೆ. ಕ್ಲಾಸಿನ ಹುಡುಗ್ರು ನನ್ನನ್ನು ಲೆಕ್ಚರರ್ ಹೇಳಿ ತಿಳಿದು ಎದ್ದು ನಿಲ್ತಿದ್ರು. ಊರು ಹೋಗು, ಕಾಡು ಬಾ ಅನ್ನುವ ಪ್ರಾಯದಲ್ಲಿ ಇವಳಿಗೆ ಕರಿ ಕೋಟು ಬೇಕಿತ್ತಾ ಅಂತ ಬಾಯಿಬಿಟ್ಟು ಅಂದವರೂ ಇದ್ದಾರೆ.

ನನ್ನ ಗಂಡ ಹಾಗೆಲ್ಲ ಅನ್ನುವ ಜನ ಅಲ್ಲ. ಅವರು ಎಂತದೂ ಅನ್ನುದಿಲ್ಲ, ಅದೇ ನನಗೆ ಕಷ್ಟ. ಸೊಸೈಟಿಯ ಸೆಕ್ರೆಟರಿ, ಮಾತು ಕಡಿಮೆ. ಇವತ್ತು ಬೆಳಿಗ್ಗೆ ಯಾರೋ ಫೋನಲ್ಲಿ ನನ್ನ ಕೇಳಿದ್ದಕ್ಕೆ, “ಸಾಹೇಬ್ರ ಆಫೀಸಿಗೆ ಹೋಗ್ತಾಳಲ್ಲ, ಮೊದಲಿನ ಹಾಗೇ” ಹೇಳಿದ್ರು. ನಾನು ಬಾಗಿಲ ಹಿಂದೆಯೇ ಇದ್ದೆ. ಮೊದಲಿನ ಹಾಗೇ!

ಜೂನ್ ೨೬, ಗುರುವಾರ

ಹೊನ್ನಾವರ ಕೋರ್ಟು. ಹೊರಗೆ ಮಳೆ ಹೊಡೆದು ಹಾಕ್ತಾ ಅದೆ, ಎಲ್ಲರೂ ಕೈ ಉಜ್ಜಿಕೊಳ್ತಾ ಇದ್ದಾರೆ, ನನಗೆ ಮಾತ್ರ ಒಳಗಿಂದ ಯಾರೋ ಒಲೆ ಹೊತ್ತಿಸಿದ ಹಾಗೆ. ಈ ಪ್ರಾಯದ ಬಿಸಿ ಹೇಳಿ ಕೇಳಿ ಬರುದಿಲ್ಲ. ಕಿವಿ ಕೆಂಪಾಗಿ, ಬೆನ್ನ ಮೇಲೆ ನೀರಿಳಿದು, ಕೊರಳಪಟ್ಟಿ ಒದ್ದೆ. ನ್ಯಾಯಾಧೀಶರು ಕೇಳಿದ ತಾರೀಕು ಹೇಳುವಷ್ಟರಲ್ಲಿ ಕಣ್ಣು ಕತ್ತಲೆ ಬಂತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಕೋಟು ಬಿಚ್ಚಿ ಫೈಲಿನಲ್ಲಿ ಗಾಳಿ ಹಾಕಿಕೊಂಡೆ.

ವಿಭಾ ಹೇಳಿ ಒಬ್ಬಳು ಹುಡುಗಿ ವಕೀಲೆ, ಧನ್ಯನ ಪ್ರಾಯ ಇರಬೇಕು, ಬಂದು ಒದ್ದೆ ಕರ್ಚೀಫು ಕೊಟ್ಲು. “ನಮ್ಮನೇಲಿ ಅಮ್ಮನಿಗೂ ಹೀಗೇ ಮೇಡಂ. ಮಣಿಕಟ್ಟಿಗೆ ಒತ್ತಿ ಹಿಡೀರಿ.” ಒತ್ತಿದೆ, ತಂಪಾಯಿತು. ಇನ್ನು ಕೋರ್ಟಿಗೆ ಒಂದು ಡಬ್ಬಿಯಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡೇ ಹೋಗಬೇಕು. ಗಂಡಸು ವಕೀಲರಿಗೆ ಇಂಥ ತ್ರಾಸು ಒಂದಾದ್ರೂ ಅದೆಯಾ ದೇವರೇ.

ಜುಲೈ ೧೪, ಸೋಮವಾರ

ಸಾಹೇಬ್ರಿಗೆ ಎದೆನೋವು ಬಂದು ಡಾಕ್ಟರು ಆರು ತಿಂಗಳು ಕೋರ್ಟಲ್ಲಿ ನಿಂತು ಮಾತಾಡುವುದು ಬೇಡ ಹೇಳಿದ್ದಾರೆ. ದೊಡ್ಡ ಕೇಸೆಲ್ಲ ಅವರ ಭಾವನಿಗೆ ಕೊಟ್ರು. ಕಡೆಗೆ ಕಪಾಟಿನ ಕೆಳಗಿನ ಫೈಲು ತೆಗೆದು, “ಇದು ನಿನಗೆ ಮಾಲತಿ. ಇದನ್ನು ನೀನೇ ನಡೆಸು” ಅಂದ್ರು.

ಮಿರ್ಜಾನದ ದೇವಿ ಗೌಡ್ತಿಯ ಹಾದಿ ಕೇಸು. ನಾಲ್ಕು ವರ್ಷದ ಹಿಂದೆ ದಾವೆ ಟೈಪು ಮಾಡಿದವಳು ನಾನೇ. ದೇವಿ ಗಂಡನಿಲ್ಲದ ಮುದುಕಿ, ತಲೆ ಮೇಲೆ ಬುಟ್ಟಿ ಹೊತ್ತು ಕುಮಟಾ ಪೇಟೆಗೆ ತರಕಾರಿ ತರುವವಳು. ಅವಳ ಮನೆ ಒಳಗೆ, ರಸ್ತೆ ಹೊರಗೆ. ನಡುವೆ ಮಾಬ್ಲ ಗೌಡನ ಜಾಗ. ಮೊದಲು ಮಾಬ್ಲನ ಹಳೇ ಮನೆಯೂ ಒಳಗೇ, ದೇವಿ ಮನೆಗೆ ತಾಗಿ ಇತ್ತು. ಅಂವ ರಸ್ತೆ ಬದಿಗೆ ಹೊಸ ಮನೆ ಕಟ್ಟಿ ಹಳೇದನ್ನು ಕೆಡವಿದ. ಅವನ ಮಗ ಸಂಜಯ ಟೆಂಪೋ ನಿಲ್ಲಿಸುಕೆ ಹೇಳಿ ಚಿರೆಕಲ್ಲಿನ ಗೋಡೆ ಎಬ್ಬಿಸಿ ಹಾದಿ ಮುಚ್ಚಿದ. ಈಗ ದೇವಿ ಹೊಳೆ ಒಡ್ಡಿನ ಮೇಲೆ ಸುತ್ತು ಹಾಕಿ ಬರಬೇಕು, ಮಳೆಗಾಲದಲ್ಲಿ ಅದೆಲ್ಲ ಜಾರು. ಮಾಬ್ಲನ ಅಫಿಡವಿಟ್ಟಿನಲ್ಲಿ, ‘ಅಲ್ಲಿ ಯಾವ ಕಾಲಕ್ಕೂ ಹಾದಿ ಇರಲಿಲ್ಲ, ಪ್ರತಿ ವರ್ಷವೂ ತರಕಾರಿ ಬೆಳೆಯುತ್ತಿದ್ದೆವು’ ಹೇಳಿ ಅದೆ. ನಮ್ಮ ಸಾಕ್ಷಿ ಮುಗಿದದೆ. ಉಳಿದದ್ದು ಮಾಬ್ಲನ ಪಾಟಿ ಸವಾಲು. ಅದರಲ್ಲಿ ಅಂವ ಗಟ್ಟಿ ನಿಂತ್ರೆ ಕೇಸು ಮುಗೀತು, ಗೋಡೆ ಅಲ್ಲೇ ಉಳೀತದೆ.

ದೇವಿಗೆ ಹೇಳಿ ಕಳಿಸಿದ್ದೆ. ಬಂದ್ಲು, ಬುಟ್ಟಿ ಇಳಿಸಿದ್ಲು, ವಿಷಯ ಕೇಳಿ ಮೋರೆ ಸಣ್ಣ ಮಾಡಿದ್ಲು.

“ನೀವು ಬೇಜಾರ ಮಾಡ್ಕಣುಕಾಗ ಮಾಲ್ತಮ್ಮ. ನೀವು ಫೈಲು ಹಿಡ್ಕಣು ಅಮ್ಮ. ಮಾತಾಡುಕೆ ಸಾಯೇಬ್ರೇ ಬೇಕು ನಂಗೆ.”

ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದ್ರೆ, ಅವಳ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ದೆ. ಸಾಹೇಬ್ರು ಒಳಗಿಂದ, “ದೇವಿ, ಈ ಕೇಸು ನನಗಿಂತ ಅವಳಿಗೇ ಹೆಚ್ಚು ಗೊತ್ತು” ಅಂದ್ರು. ದೇವಿ ನನ್ನ ಕೋಟನ್ನು ಮೇಲೆ ಕೆಳಗೆ ನೋಡಿ, ಹೂಂ ಅನ್ನದೆ ಊಹೂಂ ಅನ್ನದೆ ಬುಟ್ಟಿ ಎತ್ತಿಕೊಂಡು ಹೋದ್ಲು.

ಜುಲೈ ೨೦, ಭಾನುವಾರ

ನಾಲ್ಕು ವರ್ಷ ಆ ಕೇಸಿನ ಕಾಗದ ಟೈಪು ಮಾಡಿದೆ, ಜಾಗ ಒಂದು ದಿನವೂ ನೋಡಿರಲಿಲ್ಲ. ಗುಮಾಸ್ತೆಗೆ ಜಾಗ ನೋಡುವ ಕೆಲಸ ಇಲ್ಲವಲ್ಲ. ಇವತ್ತು ನೋಡಿ ಬರ್ತೆ ಹೇಳಿ ಹೊರಟೆ. ಇವರು ಪೇಪರು ಮಡಚಿಟ್ಟು, “ಒಬ್ಬಳೇ ಎಂತ ಅಳೀತೆ? ಟೇಪಿನ ಆಚೆ ತುದಿ ಹಿಡೀಲಿಕ್ಕೆ ಜನ ಬೇಡ್ವಾ?” ಹೇಳಿ ಅಂಗಿ ಹಾಕಿಕೊಂಡ್ರು. ಸ್ಕೂಟರಿನ ಮೇಲೆ ಹೋದ್ವಿ, ನಾನು ಕೊಡೆ ಹಿಡಿದುಕೊಂಡು. ಮಿರ್ಜಾನ ಮುಟ್ಟುವುದರೊಳಗೆ ಕೊಡೆಯ ಎರಡು ಕಡ್ಡಿ ಹೋಯಿತು.

ದೇವಿ ನಮ್ಮನ್ನು ಕಂಡವಳೇ ಇವರಿಗೆ ಕೈಮುಗಿದು, “ಬನ್ನಿ ವಕೀಲ್ರೇ, ಕೂತ್ಕಳಿ” ಹೇಳಿ ಚಾಪೆ ಹಾಸಿದ್ಲು. ಪ್ಯಾಂಟು ಹಾಕಿದವರೇ ವಕೀಲರು ಅಂತ ಅವಳ ಲೆಕ್ಕ. ಇವರು ಎಂತ ಹೇಳ್ತಾರೋ ಹೇಳಿ ನಾನು ನೆಲ ನೋಡ್ತಾ ಇದ್ದೆ.

“ವಕೀಲರು ನಾನಲ್ಲ, ಅವಳು. ನಾನು ಟೇಪು ಹಿಡೀಲಿಕ್ಕೆ ಬಂದವ” ಅಂದ್ರು. ಹೇಳಿ ಚಾಪೆಯನ್ನು ನನ್ನ ಕಡೆ ಎಳೆದ್ರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಇವರ ಬಾಯಿಂದ ಇಷ್ಟು ಚಂದದ ಮಾತು ಬಂದದ್ದು ಇದೇ ಮೊದಲು, ಅದೂ ಮೂರನೆಯವರ ಹತ್ರ.

ಗೋಡೆಯ ಎರಡೂ ಬದಿ ನೋಡಿದ್ವಿ. ಆಚೆ ಬದಿಯಲ್ಲಿ ಟೆಂಪೋ ನಿಂತ ಎಣ್ಣೆ ಕಲೆ, ಈಚೆ ಬದಿಯಲ್ಲಿ ಕಾಂಗ್ರೆಸ್ ಗಿಡ. ಮಾಬ್ಲನ ಮನೆಯವರು ಕಿಟಕಿಯಿಂದ ನೋಡ್ತಾ ಇದ್ರು, ಯಾರೂ ಹೊರಗೆ ಬರಲಿಲ್ಲ. ಅಳೆದಾದ ಮೇಲೆ ದೇವಿ ಬೆಲ್ಲ ನೀರು ಕೊಟ್ಲು. ಬುಟ್ಟಿ ಹೊತ್ತು ಒಡ್ಡಿನ ಮೇಲೆ ಸುತ್ತು ಹಾಕುವುದು ಕಷ್ಟ ಅಲ್ದಾ ದೇವಕ್ಕ, ಕೇಳಿದೆ.

“ಬುಟ್ಟಿ ಹೊತ್ಕಂಡು ಎಲ್ಲಿಂದಾದ್ರೂ ಹೋಗ್ತೆ ಅಮ್ಮ. ಅದಕ್ಕಾ ನಾ ಕೋರ್ಟಿಗೆ ಬಂದದ್ದು? ನಂಗೀಗ ಎಪ್ಪತ್ತು. ಸತ್ತರೆ ನನ್ನ ಎಲ್ಲಿಂದ ಕೊಂಡೋಗುದು? ಒಡ್ಡಿನ ಮೇಲೆ ಒಬ್ಬಂವ ನಡೂಕಾತು, ನಾಲ್ಕು ಜನ ಹೆಗಲು ಕೊಟ್ಟು ನಡೂಕಾಗುದಿಲ್ಲ. ಗದ್ದೆ ಮೇಲೆ ಕೊಂಡೋದ್ರೆ ಆ ಗದ್ದೇಲಿ ಮತ್ತೆ ಬಿತ್ತುದಿಲ್ಲ, ಯಾರು ಬಿಡ್ತ್ರು? ಮಾಬ್ಲನ ಅವ್ವಿ ಸೋಮಿ ಹೋದದ್ದೂ ಈ ಹಾದೀಲೇ. ನಾನೇ ಮೀಯಿಸಿ ಕಳಿಸಿದ್ದೆ. ನನ್ನ ಕಳ್ಸುಕೆ ಹಾದೀನೇ ಇಲ್ಲ.”

ಇದು ದಾವೆಯಲ್ಲಿ ಎಲ್ಲೂ ಇಲ್ಲ. ಇಪ್ಪತ್ತು ಪುಟ ನಾನೇ ಟೈಪು ಮಾಡಿದ್ದೆ. ‘ದೈನಂದಿನ ಓಡಾಟಕ್ಕೆ ತೀವ್ರ ಅನನುಕೂಲ’ ಹೇಳಿ ಬರೆದಿದ್ವಿ. ಅವಳು ಯಾಕೆ ಬಂದಳು ಅಂತ ಯಾರೂ ಅವಳನ್ನು ಕೇಳಲೇ ಇಲ್ಲ, ನಾನೂ ಕೇಳಲಿಲ್ಲ. ಬರುವಾಗ ಸ್ಕೂಟರಿನ ಹಿಂದೆ ಕೂತು ಅತ್ತೆ. ಮಳೆ ಇತ್ತು, ಇವರಿಗೆ ಗೊತ್ತಾಗಲಿಲ್ಲ.

ಆಗಸ್ಟ್ ೫, ಮಂಗಳವಾರ

ಪಾಟಿ ಸವಾಲು ಇವತ್ತು ಆಗಬೇಕಿತ್ತು. ಮಾಬ್ಲನ ಪರ ಮಧುಸೂದನ ಹೇಳಿ ವಕೀಲ, ನನ್ನ ತಮ್ಮನ ಪ್ರಾಯ, ಮಾತು ಭಾರಿ ಚುರುಕು. ಕಕ್ಷಿಗಾರನಿಗೆ ಜ್ವರ ಹೇಳಿ ಮುದ್ದತು ತೆಗೆದುಕೊಂಡ. ಹೊರಗೆ ಬಂದು ನನ್ನ ಕೈಗೆ ಒಂದು ಫೈಲು ಕೊಟ್ಟು, “ಮಾಲ್ತಕ್ಕ, ಇದನ್ನೊಂದು ಆಫೀಸಿಗೆ ಕೊಟ್ಟು ಸೀಲು ಹಾಕ್ಸಿ ಬಿಡಿ, ನಿಮಗೆ ಎಲ್ಲ ಗುರ್ತಲ್ಲ” ಅಂದ.

ತೆಗೆದುಕೊಂಡು ಹೋಗಿ ಹಾಕಿಸಿ ಬಂದೆ! ಅರ್ಧ ದಾರಿಯಲ್ಲಿ ಇದು ನನ್ನ ಎದುರು ಪಾರ್ಟಿಯ ಫೈಲು ಅಂತ ನೆನಪಾಯಿತು. ಅಲ್ಲೇ ನಿಂತು ವಾಪಸು ಕೊಡಲಾ ಹೇಳಿ ಯೋಚನೆ ಮಾಡಿದೆ, ಕಾಲು ಮಾತ್ರ ಮುಂದೆಯೇ ಹೋಯಿತು. ಥೋ, ಎಂಥ ಕರ್ಮ. ಅವನನ್ನು ಬೈದು ಎಂತ ಪ್ರಯೋಜನ, ಕೈ ಒಡ್ಡಿದವಳು ನಾನು.

ಆಗಸ್ಟ್ ೧೨, ಮಂಗಳವಾರ

ಮಧುಸೂದನ ಇವತ್ತೂ ಒಂದು ಅರ್ಜಿ ಹಿಡಿದುಕೊಂಡು ಬಂದ. “ಸೀಲಿನ ಕಿಟಕಿ ಬಲಬದಿಗೆ ಮೂರನೆಯದು” ಅಂದೆ. ಅವನ ಮೋರೆ ನೋಡಬೇಕಿತ್ತು. ಮನೆಗೆ ಬಂದ ಮೇಲೆ, ಪಾಪ, ಒಳ್ಳೆ ಹುಡುಗ, ಹಾಗೆ ಹೇಳಬಾರದಿತ್ತೇನೋ ಅನ್ನಿಸಿತು.

ಸೆಪ್ಟೆಂಬರ್ ೧೭, ಬುಧವಾರ

ಸಾಹೇಬ್ರ ಜೊತೆ ಜಗಳ. ನಾನು, ಅವರ ಜೊತೆ! ಬರೆದುಕೊಂಡ್ರೂ ನಂಬುಕಾಗುದಿಲ್ಲ.

ನಾಳೆ ಮಾಬ್ಲ ಕಟಕಟೆಗೆ ಬರ್ತಾನೆ. ನಾನು ಬರೆದುಕೊಂಡ ಪ್ರಶ್ನೆ ಸಾಹೇಬ್ರಿಗೆ ಓದಿ ಹೇಳಿದೆ. ಸರ್ವೆ ನಂಬರು, ನಕಾಶೆ, ಗೋಡೆ ಕಟ್ಟಿದ ವರ್ಷ, ಎಲ್ಲದಕ್ಕೂ ತಲೆ ಆಡಿಸಿದ್ರು. ಕಡೆಯ ಪ್ರಶ್ನೆ, ‘ನಿಮ್ಮ ಅವ್ವಿಯನ್ನು ಯಾವ ಹಾದಿಯಲ್ಲಿ ಕೊಂಡೋದಿರಿ?’ ಅಂದ ಕೂಡಲೆ ಕನ್ನಡಕ ತೆಗೆದ್ರು.

“ಅದು ಬೇಡ. ಉತ್ತರ ಗೊತ್ತಿಲ್ಲದ ಪ್ರಶ್ನೆ ಪಾಟಿ ಸವಾಲಿನಲ್ಲಿ ಕೇಳಬಾರದು. ನೆನಪಿಲ್ಲ ಅಂದುಬಿಟ್ಟರೆ? ಒಡ್ಡಿನ ಮೇಲೆ ಅಂದರೆ?”

“ಅನ್ನುದಿಲ್ಲ. ಜಾಗದ ವಿಷಯದಲ್ಲಿ ಸುಳ್ಳು ಹೇಳ್ತಾನೆ, ಅವ್ವಿ ವಿಷಯದಲ್ಲಿ ಹೇಳುದಿಲ್ಲ.”

“ಯಾವ ಪುಸ್ತಕದಲ್ಲಿದೆ ಅದು?”

“ಪುಸ್ತಕದಲ್ಲಿಲ್ಲ ಸಾಹೇಬ್ರೇ. ನಾನು ಹನ್ನೆರಡು ವರ್ಷ ಒಬ್ಬಳು ಮುದುಕಿಯ ಮಗ್ಗಲು ಬದಲಿಸಿದವಳು. ಅವಳ ಮಗ ಅವಳನ್ನು ಹೇಗೆ ಹೊತ್ತುಕೊಂಡು ಹೋದ ಹೇಳುವುದನ್ನು ಕಣ್ಣಾರೆ ನೋಡಿದ್ದೇನೆ. ಅದರ ಮೇಲೆ ಯಾವ ಮಗನೂ ಸುಳ್ಳು ಹೇಳುದಿಲ್ಲ.”

ಸಾಹೇಬ್ರು ಕನ್ನಡಕ ಮತ್ತೆ ಹಾಕಿಕೊಂಡ್ರು. ಆಮೇಲೆ, “ಕೇಸು ನಿನ್ನದು” ಅಂದ್ರು. ಅವರ ಸಿಟ್ಟೋ ಆಶೀರ್ವಾದವೋ ತಿಳಿಯಲಿಲ್ಲ.

ನನಗೆ ಬೇರೆಯೇ ಹೆದರುಕೆ. ಸತ್ತವರನ್ನು ಕೋರ್ಟಿಗೆ ಎಳೆದು ತರುಕೆ ನಾನ್ಯಾರು? ಮಾಬ್ಲ ಕೆಟ್ಟವನಲ್ಲ. ಮಗನ ಟೆಂಪೋಗೆ ಜಾಗ ಬೇಕಿತ್ತು, ಮಗನ ಮಾತು ಮೀರುಕಾಗಲಿಲ್ಲ, ಅಷ್ಟೇ. ಕೇಳಿದ್ರೆ ಅವನಿಗೆ ನೋವು, ಕೇಳದಿದ್ರೆ ದೇವಿಗೆ ಹಾದಿ ಇಲ್ಲ.

ಸೆಪ್ಟೆಂಬರ್ ೧೮, ಗುರುವಾರ

ಕೇಳಿದೆ.

ಎಲ್ಲವನ್ನೂ ಸಾಲಾಗಿ ಬರೀತೆ, ಇಲ್ಲದಿದ್ರೆ ತಲೆಯಲ್ಲಿ ಅದೇ ತಿರುಗ್ತದೆ. ನಾನು ಎದ್ದು ನಿಂತ ಕೂಡಲೇ ಒಳಗಿನ ಒಲೆ ಹೊತ್ತಿತು, ಬೇರೆ ಹೊತ್ತು ಸಿಕ್ಕಲಿಲ್ಲ ಅದಕ್ಕೆ. “ಸ್ವಾಮಿ, ಒಂದು ನಿಮಿಷ ಬೇಕು” ಹೇಳಿ ಡಬ್ಬಿ ತೆಗೆದು ಒದ್ದೆ ಬಟ್ಟೆ ಮಣಿಕಟ್ಟಿಗೆ ಒತ್ತಿಕೊಂಡೆ. ಇಡೀ ಕೋರ್ಟು ಕಾಯ್ತು. ಯಾರೂ ನಗಲಿಲ್ಲ, ಅಥವಾ ನಕ್ಕರೂ ನಾನು ನೋಡಲಿಲ್ಲ.

ಮಾಬ್ಲ ಅರವತ್ತರ ಮನುಷ್ಯ, ಹೆಗಲ ಮೇಲೆ ಟವೆಲು, ಕೈ ಕಟ್ಟಿ ನಿಂತಿದ್ದ. ಸಂಜಯ ಹಿಂದಿನ ಬೆಂಚಿನಲ್ಲಿದ್ದ. ನಕಾಶೆ, ಸರ್ವೆ ನಂಬರು ಎಲ್ಲದಕ್ಕೂ ಮಾಬ್ಲ ಗಿಳಿಪಾಠ ಒಪ್ಪಿಸಿದ. ಆಮೇಲೆ ಕೇಳಿದೆ,

“ಈ ಜಾಗದಲ್ಲಿ ನೀವು ಪ್ರತಿ ವರ್ಷ ತರಕಾರಿ ಬೆಳೀತಿದ್ದಿರಿ?”

“ಹೌದು. ಬದ್ನೆ, ಬೆಂಡೆ, ಹರಿವೆ.”

“ಚಳಿಗಾಲದಲ್ಲಿ ಬೆಳೆ ಇರ್ತಿತ್ತು?”

“ಇರ್ತಿತ್ತು.”

“ಒಂದು ವರ್ಷವೂ ತಪ್ಪದೆ?”

“ತಪ್ಪುದಿಲ್ಲ.”

“ನಿಮ್ಮ ಅವ್ವಿ ಸೋಮಿ ತೀರಿಕೊಂಡದ್ದು ಹಳೇ ಮನೆಯಲ್ಲಿ, ಹನ್ನೊಂದು ವರ್ಷದ ಹಿಂದೆ, ಚಳಿಗಾಲದಲ್ಲೇ. ಹೌದಾ?”

ಅವನ ಕೈ ಬಿಚ್ಚಿತು. “ಹೌದು” ಅಂದ, ಸಣ್ಣ ದನಿಯಲ್ಲಿ.

“ಹಳೇ ಮನೆಯಿಂದ ಅವರನ್ನು ಸ್ಮಶಾನಕ್ಕೆ ಕೊಂಡೋದದ್ದು ಎಲ್ಲಿಂದ?”

ಮಧುಸೂದನ ಎದ್ದು, ಇದು ಸಂಬಂಧ ಇಲ್ಲದ ಪ್ರಶ್ನೆ ಅಂದ. ನ್ಯಾಯಾಧೀಶರು ನನ್ನನ್ನು ನೋಡಿದ್ರು. “ಸಂಬಂಧ ಅದೆ ಸ್ವಾಮಿ. ನಮ್ಮ ಬದಿ ಹೆಣವನ್ನು ಬೆಳೆ ಇರುವ ನೆಲದ ಮೇಲೆ ದಾಟಿಸುವುದಿಲ್ಲ, ತನ್ನದೇ ನೆಲ ಆದರೂ ಇಲ್ಲ. ಹಾದಿ ಮೇಲೆ ಮಾತ್ರ. ಸಾಕ್ಷಿದಾರರು ತಮ್ಮ ಅವ್ವಿಯನ್ನು ಬದನೆ ಗಿಡದ ಮೇಲೆ ಕೊಂಡೋದರೋ, ಹಾದಿ ಮೇಲೆ ಕೊಂಡೋದರೋ, ಅದೊಂದು ಹೇಳಲಿ.” ಅಷ್ಟು ಹೊತ್ತು ನಾನು ಭಾಷೆ ತಿದ್ದಿ ಆಡ್ತಿದ್ದೆ, ಆ ಗಳಿಗೆಗೆ ‘ಅದೆ’ ಹೇಳಿಯೇ ಬಂತು. ನ್ಯಾಯಾಧೀಶರು ಪ್ರಶ್ನೆಗೆ ಅವಕಾಶ ಕೊಟ್ರು.

ಮಾಬ್ಲ ಹಿಂದೆ ತಿರುಗಿ ಮಗನನ್ನು ನೋಡಿದ. ಸಂಜಯ ತಲೆ ಅಡ್ಡ ಆಡಿಸಿದ. ಮಾಬ್ಲ ಮತ್ತೆ ನನ್ನ ಕಡೆ ತಿರುಗಿದ.

“ನಮ್ಮವ್ವೀನ ಬದ್ನೆ ಗಿಡ ತುಳ್ಕಂಡು ಕೊಂಡೋಗುಕೆ ನಾ ಎಂತ ಗತಿಗೆಟ್ಟಂವನಾ? ಹಾದಿ ಮೇಲೇ ಕೊಂಡೋದ್ದು. ಎಲ್ರೂ ಹೋಗು ಹಾದಿ.”

ನ್ಯಾಯಾಧೀಶರು ಅದನ್ನು ಟೈಪಿಸ್ಟಿಗೆ ಹೇಳಿ ಬರೆಸಿದ್ರು. ನಾನು, “ಇನ್ನು ಪ್ರಶ್ನೆ ಇಲ್ಲ ಸ್ವಾಮಿ” ಹೇಳಿ ಕೂತೆ. ಇನ್ನೂ ನಾಲ್ಕು ಪ್ರಶ್ನೆ ಬರೆದುಕೊಂಡಿದ್ದೆ, ಕೇಳುಕೆ ಮನಸ್ಸು ಬರಲಿಲ್ಲ.

ಹೊರಗೆ ಮಾಬ್ಲ ಮೆಟ್ಟಿಲ ಮೇಲೆ ಕೂತು ಟವೆಲಿನಲ್ಲಿ ಮೋರೆ ಮುಚ್ಚಿಕೊಂಡಿದ್ದ. ಸಂಜಯ ದೂರ ನಿಂತು ಫೋನು ನೋಡ್ತಿದ್ದ. ಹತ್ತಿರ ಹೋಗುಕೆ ನನಗೆ ಧೈರ್ಯ ಸಾಲಲಿಲ್ಲ. ಹೋದವಳು ದೇವಿ. ಅವನ ಪಕ್ಕ ಕೂತು ಕವಳದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಅವನ ಕೈಗೆ ಕೊಟ್ಲು. ನಾಲ್ಕು ವರ್ಷದಿಂದ ಆ ಎರಡು ಮನೆಗೆ ಮಾತಿಲ್ಲ. ಅಂವ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಇಬ್ಬರೂ ಜಗೀತಾ ಕೂತ್ರು. ನನಗೆ ಕೋರ್ಟಿನ ಗೋಡೆಗೆ ಹಣೆ ಒತ್ತಿ ಅಳಬೇಕು ಅನ್ನಿಸಿತು.

ಸೆಪ್ಟೆಂಬರ್ ೧೯, ಶುಕ್ರವಾರ

ಕೋರ್ಟಿಗೆ ಹೋಗಲಿಲ್ಲ. ಇವರು ಒಳ್ಳೆ ಬಂಗುಡೆ ತಂದಿದ್ರು, ಸಾರು ಮಾಡಿದೆ, ನಾನು ಉಣ್ಣಲಿಲ್ಲ. “ಗೆದ್ದವರು ಹೀಗೆ ಕೂರ್ತ್ರಾ?” ಕೇಳಿದ್ರು ಇವರು. ಅವನ ಮೋರೆ ಮರೆಯುಕಾಗ್ತಾ ಇಲ್ಲ ಅಂದೆ. “ಮರೀಬೇಡ. ಮರೆತ್ರೆ ಒಳ್ಳೆ ವಕೀಲಳಾಗುದಿಲ್ಲ ನೀನು” ಹೇಳಿ, ಮುಳ್ಳು ಬಿಡಿಸಿದ ಮೀನು ನನ್ನ ತಾಟಿಗೆ ಹಾಕಿದ್ರು. ಆಮೇಲೆ ಉಂಡೆ.

ಅಕ್ಟೋಬರ್ ೧೩, ಸೋಮವಾರ

ರಾಜಿ ಆತು. ಮಧುಸೂದನನೇ ಬಂದು, “ಮೇಡಂ, ನಮ್ಮವ ಹಾದಿ ಬಿಡ್ತಾನಂತೆ, ಮಗನ ಹತ್ರ ಜಗಳ ಮಾಡಿ ಒಪ್ಪಿಸಿದ್ದಾನೆ. ಮೂರು ಅಡಿ ಅಂತ ಬರೆಯೋಣ” ಅಂದ.

“ಆರು ಅಡಿ.”

“ಬುಟ್ಟಿ ಹೊತ್ತು ಹೋಗಲಿಕ್ಕೆ ಮೂರು ಸಾಕಲ್ಲ ಮೇಡಂ.”

“ಹೊರುವವರು ಆಚೆ ಇಬ್ಬರು ಈಚೆ ಇಬ್ಬರು. ನೀವೇ ಲೆಕ್ಕ ಹಾಕಿ. ಐದು ಮುಕ್ಕಾಲು ಆದ್ರೂ ನಾನು ಸಹಿ ಹಾಕುದಿಲ್ಲ.”

ಅವನು ಹೋಗಿ ಮಾಬ್ಲನ ಹತ್ರ ಮಾತಾಡಿ ಬಂದು ಆರು ಅಂತಲೇ ಬರೆದ. ನನಗೆ ಇತ್ತೀಚೆಗೆ ಸ್ವಲ್ಪ ಸೊಕ್ಕು ಬಂದದೆ ಕಾಣ್ತದೆ. ಮೊದಲು ನಾನು ಯಾರಿಗೂ ಹೀಗೆ ಎದುರು ಮಾತಾಡಿದವಳಲ್ಲ. ಧನ್ಯನಿಗೆ ಫೋನಲ್ಲಿ ಹೇಳಿದ್ರೆ, “ಅದಕ್ಕೆ ಸೊಕ್ಕು ಹೇಳುದಿಲ್ಲ ಆಯಿ” ಹೇಳಿ ನಕ್ಕಳು. ಮತ್ತೆ ಎಂತ ಹೇಳ್ತ್ರು ಅಂತ ಹೇಳಲಿಲ್ಲ.

ದೇವಿ ಒಂದು ಕಟ್ಟು ಹರಿವೆ ಸೊಪ್ಪು ತಂದು ಮೇಜಿನ ಮೇಲೆ, ಕಾನೂನು ಪುಸ್ತಕದ ಮೇಲೆಯೇ ಇಟ್ಟು ಹೋದ್ಲು. ಪುಸ್ತಕ ಇನ್ನೂ ಒದ್ದೆ ಅದೆ.

ನವೆಂಬರ್ ೬, ಗುರುವಾರ

ಬೆಳಿಗ್ಗೆ ಆಫೀಸಿಗೆ ಮಾಬ್ಲ ಬಂದಿದ್ದ, ಒಬ್ಬನೇ. ಬೈಯುಕೆ ಬಂದಿದ್ರೆ ಬೈಸಿಕೊಳ್ಳುವ ಹೇಳಿ ಮನಸ್ಸು ಗಟ್ಟಿ ಮಾಡಿಕೊಂಡು ಕೂರಿ ಅಂದೆ. ಕೂರಲಿಲ್ಲ, ಬಾಗಿಲಲ್ಲೇ ನಿಂತ. ಮತ್ತೆ ಹೇಳಿದೆ, ಆಗ ಕುರ್ಚಿಯ ತುದಿಗೆ ಕೂತ.

“ಗೋಡೆ ಒಡ್ದೆ ಅಮ್ಮ. ನಾನೇ ಒಡ್ದೆ.”

“ಗೊತ್ತಾತು. ದೇವಕ್ಕ ಹೇಳಿದ್ಲು.”

“ಒಂದು ಕಾಗದ ಮಾಡ್ಸುಕಿತ್ತು. ಆ ಹಾದಿ ಯಾವಾಗ್ಲೂ ಮುಚ್ಚುಕಾಗ ಹೇಳಿ. ರಿಜಿಸ್ಟ್ರಿ ಕಾಗದ.”

ರಾಜಿಯಲ್ಲಿ ಕೋರ್ಟೇ ಬರೆದಿದೆ, ಬೇರೆ ಕಾಗದ ಬೇಡ ಅಂದೆ. ಅಂವ ಕೇಳಲಿಲ್ಲ. “ಅದು ಕೋರ್ಟು ಹೇಳಿದ್ದು. ಇದು ನಾ ಹೇಳುದು. ಸಂಜಯಂಗೆ ಈಗಲೇ ಮನಸ್ಸಿಲ್ಲ. ನಾ ಇಪ್ಪಲ್ಲಿವರಿಗೆ ಸುಮ್ಮನಿರ್ತ. ಅಪ್ಪನ ಸಹಿ ಅದೆ ಹೇಳಿ ಅವಂಗೆ ಗೊತ್ತಿರ್ಲಿ.”

“ನಿಮ್ಮ ವಕೀಲರು ಮಧುಸೂದನ ಇದ್ದಾರಲ್ಲ, ಅವರ ಹತ್ರ ಮಾಡಿಸಿ.”

“ಅವ್ರು ಬರೀತ್ರು ಅಮ್ಮ, ಚಲೋ ಬರೀತ್ರು. ಆದ್ರೆ ನಾಲ್ಕು ವರ್ಸದಲ್ಲಿ ನಮ್ಮವ್ವಿ ಹೆಸರು ಕೇಳಿದ್ದು ನೀವೊಬ್ರೇ. ನೀವೇ ಬರೀರಿ.”

ಈ ಕಾಗದದಿಂದ ದೇವಿಗೆ ಒಳ್ಳೇದೇ, ಆದ್ರೂ ಅವಳಿಗೊಂದು ಮಾತು ಕೇಳಬೇಕು ಹೇಳಿ ಪೇಟೆಗೆ ಜನ ಕಳಿಸಿದೆ. ಅವಳು ಬುಟ್ಟಿ ಸಮೇತ ಬಂದು ಮಾಬ್ಲನ ಪಕ್ಕದ ಕುರ್ಚಿಯಲ್ಲಿ ಕೂತ್ಲು. ಸಾಹೇಬ್ರು ಎಷ್ಟು ಹೊತ್ತಿಗೆ ಒಳಗೆ ಬಂದ್ರೋ ಗೊತ್ತಿಲ್ಲ. ನಾನು ಎರಡು ಪುಟ ಟೈಪು ಮಾಡಿ ತಲೆ ಎತ್ತಿದಾಗ ಅವರು ಮೂಲೆಯ ಬೆಂಚಿನಲ್ಲಿ ಕೂತು ಪೇಪರು ಓದ್ತಾ ಇದ್ರು, ಫ್ಯಾನು ಅವರೇ ಹಾಕಿದ್ರೋ ಎಂತದೋ.

ಚೆಕ್ಕುಬಂದಿ ಬರೆದೆ. ಉದ್ದ, ಅಗಲ, ಸರ್ವೆ ನಂಬರು, ಪೂರ್ವಕ್ಕೆ ಯಾರದ್ದು, ಪಶ್ಚಿಮಕ್ಕೆ ಯಾರದ್ದು. ಬರೆದದ್ದನ್ನು ಇಬ್ಬರಿಗೂ ಓದಿ ಹೇಳಿದೆ. ‘ಸದರಿ ಹಾದಿಯಲ್ಲಿ ದೇವಿ ಕೋಂ ತಿಮ್ಮ ಗೌಡ ಹಾಗೂ ಅವರ ಕಡೆಯವರು ಸದಾಕಾಲ ನಡೆದಾಡತಕ್ಕದ್ದು, ಯಾರೂ ಅಡ್ಡಿಪಡಿಸತಕ್ಕದ್ದಲ್ಲ’ ಹೇಳಿ ಮುಗಿಸಿದೆ. ದೇವಿ ಆತು ಅಂದ್ಲು. ಮಾಬ್ಲ ಮಾತ್ರ ಇನ್ನೂ ಎಂತದೋ ಉಳಿದ ಹಾಗೆ ಕೂತಿದ್ದ.

“ಎಂತ ಆತು? ತಪ್ಪಾತಾ?”

“ತಪ್ಪಲ್ಲ. ನಡಿಯುದು ಮಾತ್ರ ಬರ್ದ್ರಿ. ನಾ ಹೋಪಾಗ್ಲೂ ಅದೇ ಹಾದೀಲಿ ಕೊಂಡೋಗ್ಬೇಕು ಹೇಳಿ ಬರೀರಿ ಅಮ್ಮ. ಹೊಸ ಮನೆ ರಸ್ತೆಗೇ ಅದೆ, ಸಂಜಯ ಸಸಾರ ಆಗ್ತು ಹೇಳಿ ಟೆಂಪೋದಲ್ಲಿ ಹಾಕ್ಕಂಡು ಹೋಪಂವ. ಹಳೇ ಮನೆ ಇದ್ದಲ್ಲಿಗೆ ಒಂದ್ಸಲ ಕೊಂಡೋಗಿ ಇಳ್ಸಿ, ಅಲ್ಲಿಂದ ನಮ್ಮವ್ವಿ ಹೋದ ಹಾಗೇ.”

ದೇವಿ ಸೆರಗಿನಲ್ಲಿ ಮೂಗು ಒರೆಸಿಕೊಂಡ್ಲು. “ನೀ ನನ್ನಿಂದ ಮುಂಚೆ ಹೋಗುದೆಂತಕೆ? ಸಾಲು ತಪ್ಸುಕಾಗ” ಹೇಳಿ ಬೈದ್ಲು ಅವನಿಗೆ.

ಹಾದಿ ಬಿಡುವ ಕಾಗದದಲ್ಲಿ ಇಂಥದ್ದನ್ನು ಯಾರೂ ಬರೆಯುವುದಿಲ್ಲ. ಕಾನೂನಿನಲ್ಲಿ ಇದಕ್ಕೆ ಬೆಲೆಯೂ ಇಲ್ಲ, ನಾಳೆ ಸಂಜಯ ಮಾಡದಿದ್ರೆ ಯಾವ ಕೋರ್ಟೂ ಮಾಡಿಸುದಿಲ್ಲ. ಹೇಳಿದೆ ಮಾಬ್ಲನಿಗೆ. ಅಂವ, “ಬೆಲೆ ಬೇಡ, ಬರೀರಿ ಸಾಕು” ಅಂದ.

ಅವನು ಹೇಳಿದ ಮಾತಿನಲ್ಲೇ ಬರೆದೆ, ಸದರಿ ಹೇಳಿ ಇಲ್ಲ, ತಕ್ಕದ್ದು ಹೇಳಿ ಇಲ್ಲ. ಕೆಳಗೆ ನನ್ನ ಸಹಿ ಹಾಕಿ ಇಬ್ಬರಿಗೂ ಮತ್ತೊಮ್ಮೆ ಓದಿ ಹೇಳಿದೆ.